ರಾಯಚೂರಿಗೆ ಸುದ್ದಿ ಮುಟ್ಟಿಸುವಾಕೆ

ನಮ್ಮ ಪಕ್ಕದ ಮನೆಯಾಕೆಯ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಸುದ್ದಿ ನಿಲ್ಲುವುದಿಲ್ಲ. ಜೋಗುಪಾಳ್ಯದಲ್ಲಿ ಯಾರಾದರೂ ಆಕಳಿಸಿದರೆ ಅವರು ಬಾಯಿ ಮುಚ್ಚುವುದರೊಳಗೆ ರಾಯಚೂರಿಗೆ ಗೊತ್ತಾಗಿರುತ್ತದೆ. ರಾಯಚೂರು ಯಾಕೆ ಅಂತೀರಾ? ನನ್ನ ಸೊಸೆ ಚೊಚ್ಚಲ ಹೆರಿಗೆಗೆ ಅಲ್ಲಿಯ ತವರಿಗೆ ಹೋಗಿದ್ದಳು. ಎಪ್ಪತ್ತು ದಾಟಿದ ಈ ಪಕ್ಕದ ಮನೆ ಮುದುಕಿಗೆ ನನ್ನ ಸೊಸೆಯೇ ಜೀವದ ಗೆಳತಿ. ನಾನು ಬರೀ ಅತ್ತೆ.

ದಿನಾ ಕಾಫಿ ಕುಡಿದು ಮೆಟ್ಟಿಲ ಮೇಲೆ ಕೂತು ಫೋನು ಹಚ್ಚುವಳು. ಊರು ದೂರವಾದಷ್ಟೂ ಗಟ್ಟಿಯಾಗಿ ಕೂಗಬೇಕೆಂಬುದು ಅವಳ ಶಾಸ್ತ್ರ. ಹಲಸೂರಿನ ತಂಗಿಗೆ ಒಂದು ದನಿ, ರಾಯಚೂರಿಗೆ ಇನ್ನೊಂದು. ಹೀಗಾಗಿ ಯಾರ ಸುದ್ದಿ ಹೇಳುತ್ತಿದ್ದಳೋ ಅವರಿಗೇ ಮೊದಲು ಕೇಳಿಸುತ್ತಿತ್ತು.

"ಇಸ್ತ್ರಿಯವನ ಮಗಳ ನಿಶ್ಚಿತಾರ್ಥ ಆಯ್ತು ಕಣಮ್ಮ. ಸೀರೆ ಕಮರ್ಷಿಯಲ್ ಸ್ಟ್ರೀಟ್‌ದಂತೆ. ನೋಡಿದ್ರೆ ಫುಟ್‌ಪಾತ್ ಮಾಲು."

ಮೆಟ್ಟಿಲ ಕೆಳಗೇ ಇಸ್ತ್ರಿ ಹಾಕುತ್ತಿದ್ದವನು ತಲೆ ಎತ್ತಿದ. "ಅಂಗಡೀಲೇ ತಗೊಂಡಿದ್ದು ಅಜ್ಜಿ. ಬಿಲ್ ಇದೆ, ತರ್ಲಾ?"

ನಾಚಿಕೆಯಿರುವ ಹೆಂಗಸಾದರೆ ಎದ್ದು ಒಳಗೆ ಹೋಗುತ್ತಿದ್ದಳು. ಇವಳು ಫೋನಿಗೆ ಹೇಳಿದಳು: "ಕೇಳಿಸ್ತಾ? ಬಿಲ್ ಇದೆಯಂತೆ."

ಬೇರೆಯವರದು ಹಾಳಾಗಲಿ, ನನ್ನ ಮಾನ ಉಳಿಸಿದಳೇ? ನಾನು ಚೆನ್ನಾಗಿದ್ದೀನಿ, ಯೋಚನೆ ಮಾಡಬೇಡ ಎಂದು ಸೊಸೆಗೆ ಹೇಳಿ ಫೋನಿಟ್ಟಿದ್ದೆ. ಇವಳೋ, "ನಿಮ್ಮತ್ತೆ ಸಾರಿಗೆ ಎರಡ್ ಸಲ ಉಪ್ಪು ಹಾಕಿದ್ಲು. ನೀನಿಲ್ದೆ ತಲೆ ಕೆಟ್ಟೋಗಿದೆ ಅವಳ್ಗೆ" ಎಂದು ಬೀದಿಗೆಲ್ಲ ಕೇಳುವಂತೆ ವರದಿ ಒಪ್ಪಿಸಿದಳು. ಸಂಜೆಗೆ ಸೊಸೆಯ ಫೋನು: "ಅತ್ತಿ, ಊಟ ಸರಿ ಮಾಡ್ಲಾಕತ್ತೀರಿಲ್ಲ?"

ನನಗೆ ಮೈಯೆಲ್ಲ ಉರಿಯಿತು. ಹೋಗಿ ಕಟ್ಟುನಿಟ್ಟಾಗಿ ಹೇಳಿದೆ: "ಅಕ್ಕ, ಹೆರಿಗೆ ಸುದ್ದಿ ಒಂದು ಮಾತ್ರ ನಿನ್ನ ಬಾಯಿಂದ ಬರಬಾರ್ದು. ನನ್ನ ಮೊದಲ್ನೇ ಮೊಮ್ಮಗು. ನನ್ನ ಮಗನೋ ಸೊಸೇನೋ ನನ್ಗೆ ಹೇಳ್ಬೇಕು."

"ನನ್ಗೇನು ಬೇರೆ ಕೆಲ್ಸ ಇಲ್ವೇನೇ?"

"ಇಲ್ಲ," ಎಂದೆ.

ದಿನ ತುಂಬಿತು. ಮಗನೂ ರಾಯಚೂರಿಗೆ ಹೋದ. ಒಂದು ಬೆಳಗ್ಗೆ ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಇವಳು ಬಂದಳು. ಬಾಯಿ ತುಂಬ ಎಲೆ ಅಡಿಕೆ. ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಚಾರ್ಜಿಗಿಟ್ಟ ನನ್ನ ಫೋನು ನೋಡಿದಳು. ವಯರು ಸಿಕ್ಕಿಸಿದ್ದೆ, ಸ್ವಿಚ್ಚೇ ಹಾಕಿರಲಿಲ್ಲ. ಫೋನು ಸತ್ತು ಬಿದ್ದಿತ್ತು. ಅವಳೇ ಸ್ವಿಚ್ ಒತ್ತಿ, ಅದಕ್ಕೆ ಜೀವ ಬರಿಸಿ, ನನ್ನೆದುರು ಬಂದು ಕೂತಳು.

ಸೊಪ್ಪಿನ ಕಡೆಗೇ ನೋಡುತ್ತಾ ಎಲೆ ಅಡಿಕೆ ಅಗಿಯತೊಡಗಿದಳು.

"ಏನಕ್ಕ, ಬೀದೀಲಿ ಯಾರೂ ಏನೂ ಮಾಡ್ಲಿಲ್ವಾ ಇವತ್ತು?" ಎಂದು ಕೆಣಕಿದೆ.

"ಊಹೂಂ" ಎಂದು ತಲೆಯಾಡಿಸಿ ತಾನೂ ಸೊಪ್ಪು ಬಿಡಿಸತೊಡಗಿದಳು. ಎಲೆಯನ್ನೆಲ್ಲ ಕಸಕ್ಕೆ ಹಾಕಿ, ಕಡ್ಡಿಯನ್ನು ಪಾತ್ರೆಗೆ ತುಂಬುತ್ತಿದ್ದಳು. ಇಂಥ ಕೆಲಸಗೇಡಿ ಎಲ್ಲಾದರೂ ಉಂಟೇ?

ಅಷ್ಟರಲ್ಲಿ ಫೋನು ಬಂತು. ಸೊಸೆಯದು.

"ಅತ್ತಿ, ಹೆಣ್ಣು ಕೂಸು ಹುಟ್ಯಾದ್ರಿ. ನಸುಕಿನ್ಯಾಗ ನಿಮ್ಮ ಫೋನ್ ಹತ್ತಲಿಲ್ಲ. ಇವ್ರು ಬಾಜು ಮನಿ ಅಜ್ಜಿಗೆ ಹಚ್ಚಿ, ನಿಮಗ ತಿಳಸ್ರಿ ಅಂದ್ರ, ಅಜ್ಜಿ ನಾ ಒಲ್ಲೆ, ಅಕಿಗೆ ನೀವ ಹೇಳ್ಬೇಕು ಅಂದ್ರಂತ."

ತಿರುಗಿ ನೋಡಿದೆ. ಮುದುಕಿಯ ಕೆನ್ನೆ ಎಲೆ ಅಡಿಕೆಯಿಂದ ಉಬ್ಬಿತ್ತು, ಕಣ್ಣಲ್ಲಿ ನೀರು ನಿಂತಿತ್ತು. ಬೆಳಗಿನಿಂದ ಅಷ್ಟು ದೊಡ್ಡ ಸುದ್ದಿಯನ್ನು ಒಳಗಿಟ್ಟುಕೊಂಡು ಹೇಗೆ ಉಸಿರಾಡಿದಳೋ.

ಅವಳ ಕೈ ಹಿಡಿದುಕೊಂಡೆ.

"ಈಗ ನೀನೂ ಒಂದ್ಸಲ ಹೇಳಕ್ಕ."

ಎದ್ದು ಹೋಗಿ ಬಾಯಿ ತೊಳೆದು ಬಂದಳು. ನನ್ನ ಗಲ್ಲ ಹಿಡಿದು, ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು: "ನೀನು ಅಜ್ಜಿಯಾದೆ ಕಣೇ."