ಎತ್ತಿನ ಬಾಯಿ, ನನ್ನ ದನಿ

ದುಡಿಯುವ ಗಂಡಸಿಗೆ ತನ್ನ ಮುಖದ ಬಗ್ಗೆ ಯೋಚಿಸಲು ಪುರಸತ್ತು ಇರುವುದಿಲ್ಲ. ನಾನು ಮೊದಲ ಸಲ ನನ್ನ ಮುಖದ ಬಗ್ಗೆ ಯೋಚಿಸಿದ್ದು, ಅದನ್ನು ನನ್ನ ಹಸುಗೂಸೇ ಒಪ್ಪದೆ ಹೋದಾಗ. ಅದು ನಿಜಾಮನ ಕಾಲ. ಮಸ್ಕಿಯಲ್ಲಿ ನಮ್ಮ ಮನೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹತ್ತಿ ಹೇರಿಕೊಂಡು ಬಂಡಿ ಹೊಡೆಯುತ್ತಿದ್ದೆ. ಸಾಲಿ ಬೇಗ ಬಿಟ್ಟವನು ನಾನು. ಮಾಸ್ತರರು ಉರ್ದುವಿನಲ್ಲಿ ಪಾಠ ಹೇಳುತ್ತಿದ್ದರು, ನಾನು ಅವರ ಗಡ್ಡ ನೋಡುತ್ತಾ ಕೂಡುತ್ತಿದ್ದೆ. ಮಾತು ಗಡ್ಡ ದಾಟಿ ನನ್ನ ತನಕ ಬರಲೇ ಇಲ್ಲ. ಆದರೆ ಬಂಡಿ ಹೊಡೆಯುವುದರಲ್ಲಿ ಆ ದಾರಿಯಲ್ಲಿ ನನಗೆ ಸರಿಸಾಟಿ ಇರಲಿಲ್ಲ. ಇದ್ದರೆ ನಾನು ನೋಡಿಲ್ಲ. ದಾರಿಯುದ್ದಕ್ಕೂ ಮಾತಿಗೆ ಎತ್ತುಗಳೇ ಗತಿ. ಅದರಲ್ಲೂ ಕೆಂದ್ಯಾ ಒಮ್ಮೆಯೂ ನನ್ನ ಮಾತಿಗೆ ಅಡ್ಡ ಬಂದ ಎತ್ತಲ್ಲ.

ನಮ್ಮ ಕಡೆ ಹಿರಿಯರ ಮುಂದೆ ತನ್ನ ಕೂಸನ್ನು ತಾನೇ ಎತ್ತಿ ಮುದ್ದಾಡಿದರೆ ನಾಚಿಕೆಗೇಡು. ನನ್ನ ಅಪ್ಪನೋ, ಪಡಸಾಲೆಯ ಕಂಬ ಬಿಟ್ಟು ಏಳುವ ಪೈಕಿ ಅಲ್ಲ. ಹೀಗಾಗಿ ಮಗಳ ತೊಟ್ಟಿಲ ಮುಂದೆ ಬಾಯಿ ಹೊಲಿದುಕೊಂಡು ಹಾಯ್ದುಹೋಗುತ್ತಿದ್ದೆ. ಮನೆಯೊಳಗೇ, ಪಡಸಾಲೆಯ ಕೆಳಗಿನ ತಗ್ಗಿನಲ್ಲಿ ದನ ಕಟ್ಟುತ್ತಿದ್ದೆವು. ಅಲ್ಲಿ ಕೆಂದ್ಯಾನ ಹಿಂದೆ ಬಗ್ಗಿ, ಅದರ ಕಾಲು ತಿಕ್ಕುತ್ತಾ, ಕೂಸಿಗೆ ಹೇಳಬೇಕಾದದ್ದನ್ನೆಲ್ಲ ಎತ್ತಿಗೆ ಹೇಳುತ್ತಿದ್ದೆ. ಬಂಗಾರ ಎನ್ನುತ್ತಿದ್ದೆ, ನೀನಿಲ್ಲದೆ ದಾರಿ ಸಾಗುವುದಿಲ್ಲ ಎನ್ನುತ್ತಿದ್ದೆ. ಕೆಂದ್ಯಾ ತೊಟ್ಟಿಲ ಕಡೆ ಮುಖ ಮಾಡಿ ಮೆಲುಕು ಹಾಕುತ್ತಿತ್ತು. ಆಡುವ ಬಾಯಿ ಅದರದು, ದನಿ ನನ್ನದು.

ಒಂದು ಮುಂಜಾನೆ ಅಪ್ಪ ಹೊರಗೆ ಹೋದದ್ದೇ ತಡ, ತೊಟ್ಟಿಲ ಮೇಲೆ ಬಗ್ಗಿ, ಬಂಗಾರಾ ಎಂದೆ. ಕೂಸು ಕಣ್ಣರಳಿಸಿತು. ನನ್ನನ್ನು ದಾಟಿ, ತಗ್ಗಿನಲ್ಲಿದ್ದ ಕೆಂದ್ಯಾನ ಕಡೆ ತಿರುಗಿ ನಕ್ಕಿತು. ಮತ್ತೆ ಕರೆದೆ, ನಗೆ ಮತ್ತೆ ಎತ್ತಿಗೇ ಸಂದಿತು. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಹೇಳಿದಳು:

"ಅದರ ಲೆಕ್ಕದಾಗ ಮಾತಾಡೋದು ಕೆಂದ್ಯಾ ರೀ. ನೀವು ಬರೇ ಕಾಲು ತಿಕ್ಕೋ ಆಳು."

ಬಯಲು ದಾರಿಯಲ್ಲಿ ಎಷ್ಟೋ ಹಗಲು ಒಬ್ಬನೇ ಬಂಡಿ ಹೊಡೆದಿದ್ದೇನೆ; ತುಂಬಿದ ಮನೆಯಲ್ಲಿ ಆ ಗಳಿಗೆ ಒಬ್ಬಂಟಿಯಾದಷ್ಟು ಎಲ್ಲಿಯೂ ಆಗಿರಲಿಲ್ಲ. ಮೂರನೆಯ ಸಲ ಕರೆಯುವಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ಕಳ್ಳನ ಹಾಗೆ ಸರಿದುನಿಂತೆ. ಅಪ್ಪ ನನ್ನತ್ತ ನೋಡದೆ ತಗ್ಗಿಗಿಳಿದು ಎತ್ತಿನ ಬೆನ್ನು ತಟ್ಟಿದ.

"ಕೆಂದ್ಯಾ, ಕೂಸಿನ್ನ ಎತ್ತಿಕೋ ಅಂತ ಹೇಳು ಅವಂಗ. ನಾ ಏನೂ ನೋಡಾಕತ್ತಿಲ್ಲ."

ಎತ್ತಿಕೊಂಡೆ. ಕೂಸು ನನ್ನ ತೋಳಿನಲ್ಲಿದ್ದೂ ಕೆಂದ್ಯಾನನ್ನೇ ನೋಡುತ್ತಿತ್ತು. ಅದನ್ನು ದೂರುವುದು ಹೇಗೆ? ಅಪ್ಪನ ದನಿ ಕೇಳಿದೊಡನೆ ನಾನೂ ತಿರುಗಿ ನೋಡಿದ್ದು ಆ ಎತ್ತಿನ ಮುಖವನ್ನೇ.