ಅತ್ತೆಯವರು ಒರೆಸಿದ ಗೆಲಾಕ್ಸಿ

ಹೆಂಡತಿಯ ಮೇಲೆ ಸಿಟ್ಟು ಬಂದರೆ ಊಟ ಬಿಡಬಹುದು, ಹೆಡ್‌ಮಾಸ್ಟರ ಮೇಲೆ ಬಂದರೆ ಮನೆಗೆ ಬಂದು ಬೈಯಬಹುದು. ಅತ್ತೆಯ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ನನ್ನದು ಇಷ್ಟು ವರ್ಷವಾದರೂ ಇಳಿದಿಲ್ಲ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎಪ್ಪತ್ತರ ದಶಕದ ಕೊನೆ. ನಾನು ಶಿರಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಧುಗಿರಿಯಲ್ಲಿ ವಿಜ್ಞಾನ ವಸ್ತುಪ್ರದರ್ಶನವೆಂದು ಸುತ್ತೋಲೆ ಬಂತು. ಉಳಿದ ಮೇಷ್ಟ್ರುಗಳು ಎಂದಿನಂತೆ ಹೊಗೆ ಬಿಡುವ ಜ್ವಾಲಾಮುಖಿಗೆ ಕೈಹಾಕಿದರು. ನನಗೆ ಹುಚ್ಚು; ನಮ್ಮ ಆಕಾಶಗಂಗೆಯ ಜೊತೆಗೇ ಇರುವ ಪುಟ್ಟ ಗೆಲಾಕ್ಸಿ, ಮೆಗಲನ್ ಮೋಡವನ್ನು ಮಾಡಲು ಹೊರಟೆ. ಫೋಟೋದಲ್ಲಿ ಅದು ಹರಿದ ದೋಸೆಯಂತೆ ಚಪ್ಪಟೆ. ನಿಜವಾಗಿ ಅದಕ್ಕೆ ಆಳವಿದೆ. ಒಂದು ಅಂಚು ನಮ್ಮತ್ತ ವಾಲಿದೆ, ಇನ್ನೊಂದು ದೂರ ಸರಿದಿದೆ. ನಡುವೆ ಧೂಳು. ಅದರ ಹಿಂದಿನ ನಕ್ಷತ್ರಗಳು ಎಷ್ಟು ಮಂಕಾಗಿ, ಕೆಂಪಾಗಿ ಕಾಣುತ್ತವೆಂದು ನೋಡಿಯೇ ಧೂಳಿನ ನಕ್ಷೆ ಬರೆಯುತ್ತಾರೆ. ನಾನು ತಂತಿಯ ಚೌಕಟ್ಟನ್ನು ಓರೆಯಾಗಿ ಬಾಗಿಸಿ, ಹತ್ತಿರ ದೂರ ನೋಡಿ ಮಣಿ ಪೋಣಿಸಿ, ಹತ್ತಿ ಹರಡಿ, ಧೂಳಿಗೆಂದು ಇದ್ದಿಲ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದೆ. ದಸರಾ ರಜೆ ಪೂರ್ತಿ ಅದಕ್ಕೇ ಹೋಯಿತು.

ಪ್ರದರ್ಶನದ ಹಿಂದಿನ ದಿನ ಪಾವಗಡದಿಂದ ಅತ್ತೆ ಬಂದರು. ನಾನು ಸ್ಕೂಲಿನಿಂದ ಬಂದಾಗ ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಅಳಿಯಂದ್ರೇ, ಚೂಡಂಡಿ, ನೋಡಿ ಈಗ ಹೆಂಗೈತೆ!"

ಗೆಲಾಕ್ಸಿ ನೆಟ್ಟಗೆ ನಿಂತಿತ್ತು. ಮಣಿಗಳು ಫಳಫಳ.

"ಅಯ್ಯಯ್ಯೋ, ಏನ್ ಮಸಿ ಅಂತೀರಾ! ಹತ್ತಿಯೆಲ್ಲ ಕಿತ್ತು ಹೊಸದು ಇಟ್ಟಿವ್ನಿ. ಒಂದ್ಕಡೆ ವಾಲ್ಕಂಡಿತ್ತು, ತಟ್ಟಿ ನೆಟ್ಟಗೆ ಮಾಡಿವ್ನಿ. ನನ್ ಮಗಳಿಗೆ ಧೂಳು ಹೊಡೆಯಾಕೂ ಬರಾಕಿಲ್ಲ ಬುಡಿ."

"ಬಹಳ ಚೆನ್ನಾಗಿದೆ ಅತ್ತೆ" ಎಂದೆ. ಹಲ್ಲು ಕಡಿದ ಸದ್ದು ನನಗೇ ಕೇಳಿಸಿತು. ಅಡುಗೆಮನೆಗೆ ನುಗ್ಗಿ, "ನಿಮ್ಮಮ್ಮ ಒಂದು ಗೆಲಾಕ್ಸಿಯನ್ನೇ ಹಾಳುಮಾಡಿದರು ಕಣೇ!" ಎಂದು ಹೆಂಡತಿಯ ಮೇಲೆ ಪಿಸುದನಿಯಲ್ಲೇ ಕಿರುಚಿದೆ.

"ಮೆತ್ತಗೆ ಮಾತಾಡ್ರೀ. ಮಸಿ ತಾನೇ, ಒಲೆ ಪಕ್ಕ ಬೇಕಾದಷ್ಟೈತೆ, ತಗೊಂಡು ಬಳ್ಕೊಳ್ಳಿ."

ಬಳಿಯೋಣವೆಂದರೆ ಅತ್ತೆ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕಾವಲು ಕೂತಿದ್ದರು!

ಮರುದಿನ ಮಧುಗಿರಿಯಲ್ಲಿ ಧೂಳಿಲ್ಲದ ಗೆಲಾಕ್ಸಿಯ ಮುಂದೆ "ಧೂಳಿನ ನಕ್ಷೆ" ಎಂಬ ಫಲಕ ಹಿಡಿದು ನಿಂತೆ. ಧೂಳೆಲ್ಲಿ ಎಂದು ಯಾರಾದರೂ ಕೇಳಲಿ, ಒಳಗಿದ್ದದ್ದನ್ನೆಲ್ಲ ಕಾರಿಬಿಡುತ್ತೇನೆಂದು ಕುದಿಯುತ್ತಿದ್ದೆ. ಬಂದ ತೀರ್ಪುಗಾರರು ಮಣಿಗಳನ್ನು ನೋಡಿ, "ಬಹಳ ನೀಟಾಗಿದೆ ಮೇಷ್ಟ್ರೇ" ಎಂದು ಬೆನ್ನು ತಟ್ಟಿ ಜ್ವಾಲಾಮುಖಿಯತ್ತ ನಡೆದರು. ಮೊದಲ ಬಹುಮಾನ ಅದಕ್ಕೇ. ನನಗೆ ಅಚ್ಚುಕಟ್ಟುತನಕ್ಕೆ ಸಮಾಧಾನಕರ ಬಹುಮಾನ. ನನ್ನ ಸಿಟ್ಟು ಇಮ್ಮಡಿಯಾಯಿತು. ಇವತ್ತು ಅತ್ತೆಯೇ ಆಗಲಿ, ಹೇಳಿಯೇ ತೀರುತ್ತೇನೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ.

"ಏನಂದ್ರು ಅಳಿಯಂದ್ರೇ?" ಎಂದು ಅತ್ತೆ ನೀರಿನ ಚೊಂಬು ಹಿಡಿದು ಎದುರಾದರು.

"ನೀಟಾಗಿದೆ ಅಂದ್ರು."

ಅವರ ಮುಖ ಅರಳಿಹೋಯಿತು. "ನಾನು ಬರ್ದೇ ಇದ್ದಿದ್ರೆ ಆ ಮಸೀನೇ ಹೊತ್ಕಂಡು ಹೋಗಿ ಮಾನ ಕಳ್ಕತಿದ್ರಿ. ಬರೋ ವರ್ಷ ಮೊದ್ಲೇ ಹೇಳ್ಕಳುಸ್ರಿ, ನಾಕು ದಿನ ಮುಂಚೇನೇ ಬರ್ತೀನಿ."

"ಖಂಡಿತಾ ಬನ್ನಿ ಅತ್ತೆ, ನೀವಿಲ್ಲದಿದ್ದರೆ ಆಗುವುದಿಲ್ಲ" ಎಂದಿತು ಬಾಯಿ. ಬೇರೆ ಯಾರದೋ ಅಲ್ಲ, ನನ್ನದೇ.