ಹಾರದ ಪಾಚಿಗೆ ಹಕ್ಕಿ ಹಿಡಿಯುವ ಲೆನ್ಸು

ಕ್ಯಾಮೆರಾ ಅಂಗಡಿಯ ಮಾಲೀಕರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಗಾಜಿನ ಕಪಾಟುಗಳಿಗೆ ಧೂಳು ತಾಗದಿರಲಿ, ಗಿರಾಕಿ ಬಾಯಿ ತೆರೆಯುವ ಮೊದಲೇ ಅವರ ಅಗತ್ಯವನ್ನು ಅರಿತುಬಿಡುವ ತಮ್ಮ ಶಕ್ತಿ ಕುಂದದಿರಲಿ ಎಂದು ಹಾರೈಸುತ್ತಾ ಈ ಪತ್ರ ಬರೆಯುತ್ತಿದ್ದೇನೆ. ಕಳೆದ ವಾರ ಮೂರು ಸಲ ಬಂದು, ಮೂರು ಸಲವೂ ತಲೆಯಾಡಿಸಿ ಹೋದ ಹುಡುಗಿ ನಾನೇ.

ನನಗೆ ಬೇಕಾಗಿದ್ದದ್ದು ನಮ್ಮ ಹಿತ್ತಲ ಗೋಡೆಯ ಬುಡದಲ್ಲಿರುವ ಪಾಚಿಯ ಒಂದು ಚಿತ್ರ. ಜೀವಶಾಸ್ತ್ರದ ಟೀಚರಾಗಿದ್ದ ನನ್ನ ಸೋದರತ್ತೆಯ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. "ಪಾಚಿಯ ಬೀಜಾಣುಕೋಶಕ್ಕೆ ಒಂದು ಪುಟ್ಟ ಟೋಪಿ ಇರುತ್ತೆ. ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದೆ ಕಣೇ, ನಿಜವಾದ್ದನ್ನ ಒಂದ್ಸಲ ತಟ್ಟೆಯಷ್ಟು ದೊಡ್ಡದಾಗಿ ತೋರ್ಸು" ಎಂದು ಕೇಳಿದ್ದರು. ಸೋಮವಾರ ಗೋಡೆಗೆ ಬಣ್ಣ ಬಳಿಯುವವರು ಬರುವುದಿತ್ತು. ಇಷ್ಟನ್ನೂ ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ನಾನು "ಪ್ರಕೃತಿಯಲ್ಲಿ..." ಎನ್ನುವಷ್ಟರಲ್ಲಿ ತಾವು "ಗೊತ್ತಾಯ್ತಮ್ಮ, ಹಕ್ಕಿ" ಎಂದಿರಿ. ಅಲ್ಲವೆನ್ನಲು ನನಗೆ ಧೈರ್ಯ ಸಾಲಲಿಲ್ಲ.

ತಾವು ಆಗ ಕೊಟ್ಟ ಲೆನ್ಸು ಅಮೋಘವಾಗಿದೆ. ಹಾರುವ ಗಿಡುಗವನ್ನು ರೆಪ್ಪೆ ಬಡಿಯುವುದರೊಳಗೆ ಹಿಡಿಯುತ್ತದಂತೆ. ನಮ್ಮ ಪಾಚಿಯಾದರೋ ಹನ್ನೊಂದು ವರ್ಷಗಳಿಂದ ಅದೇ ಜಾಗದಲ್ಲಿದ್ದು, ತಪ್ಪಿಸಿಕೊಳ್ಳುವ ಯಾವ ಪ್ರಯತ್ನವನ್ನೂ ಮಾಡಿಲ್ಲ. ಚಿತ್ರ ಸ್ಪಷ್ಟವಾಗಬೇಕಾದರೆ ಎರಡು ಮಾರು ಹಿಂದೆ ಸರಿಯಬೇಕು. ನಮ್ಮ ಹಿತ್ತಲು ಇರುವುದೇ ಒಂದು ಮಾರು, ಆಮೇಲಿನದು ಪಕ್ಕದ ಮನೆಯವರ ಅಡುಗೆಕೋಣೆ. ಎರಡನೆಯ ಸಲ ಬಂದಾಗ "ಕೈ ನಡುಗ್ತಿರ್ಬೇಕು" ಎಂದು ಟ್ರೈಪಾಡ್ ಕೊಟ್ಟಿರಿ. ಅದು ನನ್ನ ಸೊಂಟಕ್ಕಿಂತ ಕೆಳಗೆ ಬಗ್ಗುವುದಿಲ್ಲ, ಪಾಚಿ ಪಾದಕ್ಕಿಂತ ಮೇಲೆ ಬರುವುದಿಲ್ಲ. ಮೂರನೆಯ ಸಲ ಫ್ಲ್ಯಾಶ್ ಕೊಟ್ಟಿರಿ. ಈಗ ಪಾಚಿ ಕಾಣದಿರುವುದು ಬಹಳ ಬೆಳ್ಳಗೆ ಕಾಣುತ್ತದೆ.

ಆದಕಾರಣ ಪಾಚಿಗೆ ಸ್ವಲ್ಪವಾದರೂ ಹಾರಲು ಕಲಿಸುವವರೊಬ್ಬರನ್ನು ಕಳುಹಿಸಿಕೊಡಬೇಕೆಂದೂ, ಅದಾಗದಿದ್ದರೆ ಪಕ್ಕದವರ ಅಡುಗೆಕೋಣೆಯನ್ನು ತಾತ್ಕಾಲಿಕವಾಗಿ ತೆರವು ಮಾಡಿಸಬೇಕೆಂದೂ, ಎರಡೂ ಕಷ್ಟವಾದರೆ ಮುಂದಿನ ಗಿರಾಕಿಗೆ ಒಂದು ವಾಕ್ಯ ಮುಗಿಸಲು ಬಿಡಬೇಕೆಂದೂ ವಿನಂತಿ.

ಇಂದಿಗೂ ತಲೆಯಾಡಿಸುತ್ತಲೇ ಇರುವ
ತಮ್ಮ ವಿಶ್ವಾಸಿ

ವಿ.ಸೂ.: ಬಣ್ಣದವರು ಸೋಮವಾರ ಸರಿಯಾದ ಹೊತ್ತಿಗೆ ಬಂದರು. ನಾನು ನೆಲಕ್ಕೆ ಕೆನ್ನೆ ಒತ್ತಿ ಮಲಗಿದ್ದನ್ನು ನೋಡಿ "ಏನಮ್ಮಾ ಹುಡುಕ್ತಿದ್ದೀರಿ?" ಎಂದು ಕೇಳಿ, ನಾನು ಹೇಳಿ ಮುಗಿಸುವ ತನಕ ಸುಮ್ಮನೆ ನಿಂತರು. ಆಮೇಲೆ ಅತ್ತೆಯ ಭೂತಗನ್ನಡಿಯನ್ನು ನನ್ನ ಮೊಬೈಲಿನ ಮುಂದೆ ಅವರೇ ಹಿಡಿದರು. ಟೋಪಿ ಸಿಕ್ಕಿತು. ಅತ್ತೆ ಅದನ್ನು ಟಿವಿಯ ಪರದೆಯಲ್ಲಿ ಮೂಗು ತಾಗುವಷ್ಟು ಹತ್ತಿರದಿಂದ ಬಹಳ ಹೊತ್ತು ನೋಡಿ, ಮೂವತ್ತು ವರ್ಷವೂ ಬೋರ್ಡ್ ಮೇಲೆ ಟೋಪಿಯನ್ನು ಒಂಚೂರು ದೊಡ್ಡದಾಗಿ ಬರೆದಿದ್ದಾಗಿ ಮಾತ್ರ ಹೇಳಿದರು. ಗೋಡೆಯ ಬುಡದಲ್ಲಿ ಅಂಗೈಯಗಲ ಜಾಗಕ್ಕೆ ಬಣ್ಣ ಬಿದ್ದಿಲ್ಲ. ತಮ್ಮ ಟ್ರೈಪಾಡ್ ಈಗ ಬಣ್ಣದ ಡಬ್ಬಿ ಹೊತ್ತು ನಿಂತಿದೆ. ಎತ್ತರ ಹೇಳಿ ಮಾಡಿಸಿದಂತಿದೆ ಎಂದು ಬಣ್ಣದವರು ತಮಗೆ ತಿಳಿಸಲು ಹೇಳಿದ್ದಾರೆ.